ಹನ್ನೊಂದು ದಿನದಲ್ಲಿ ಅರವತ್ತು ವರ್ಷ

ಹುಬ್ಬಳ್ಳಿ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ ಇದ್ದ ಕಾಲಕ್ಕೆ, ಕಟ್ಟಿಗೆಗೆ ವಯಸ್ಸು ತರುವವರು ಈ ಲೋಕದಲ್ಲಿ ಇಬ್ಬರೇ ಇದ್ದರು. ಒಬ್ಬ ಮೇಲಿನವನು, ಇನ್ನೊಬ್ಬ ಮೈಲಾರಪ್ಪ, ಅಂದರೆ ನಾನು. ಒಂದು ತಂಬೂರಿಯನ್ನು ನೂರು ವರ್ಷದ್ದು ಮಾಡಲಿಕ್ಕೆ ಮೇಲಿನವನಿಗೆ ಪೂರಾ ನೂರು ವರ್ಷ ಬೇಕು. ನನಗೆ ಎಂಟು ದಿನ. ಅದರೊಳಗೇ ಒಂದು ದಿನ ಮಗಳ ಊರಿಗೆ ಹೋಗಿ ಉಂಡು ಬರುತ್ತಿದ್ದೆ.

ಹೊಸ ವಾದ್ಯವನ್ನು ಹಳೆಯದು ಮಾಡುವುದು ನನ್ನ ಉದ್ಯೋಗ. ಇದೆಂಥ ಉದ್ಯೋಗ ಅಂತ ಮೂಗು ಮುರಿಯಬೇಡಿ. ನಮ್ಮ ಕಡೆ ಹಾಡುವವರ, ಬಾರಿಸುವವರ ನಂಬಿಕೆ ಒಂದೇ: ಹೊಸ ಕಟ್ಟಿಗೆ ಮೂಕ, ಹಳೆಯದಕ್ಕೇ ಮಾತು ಬರುತ್ತದೆ. ಮಿರಜದಿಂದ ಥಳಥಳ ಹೊಳೆಯುವ ತಂಬೂರಿ ತಂದು ಬೈಠಕ್ಕಿನಲ್ಲಿ ಇಟ್ಟರೆ, ಮುಂದೆ ಕೂತ ನಾಲ್ಕು ಹಿರಿಯರು ಅದರ ತಂತಿ ಮುಟ್ಟುವ ಮೊದಲೇ ಬೇಡ ಅಂತ ತಲೆ ಅಲ್ಲಾಡಿಸುತ್ತಿದ್ದರು. ಅದೇ ತಂಬೂರಿಯನ್ನು ಎಂಟು ದಿನ ನನ್ನ ಹತ್ತಿರ ಬಿಟ್ಟು ಒಯ್ದರೆ, ಅದೇ ನಾಲ್ವರು ಕಣ್ಣೀರು ತೆಗೆಯುತ್ತಿದ್ದರು. ಒಮ್ಮೆ ನಾನು ಸೋಮವಾರ ಮುಗಿಸಿದ ತಂಬೂರಿಯ ಮುಂದೆ ಗುರುವಾರ ಒಬ್ಬ ಮುದುಕರು ಅಡ್ಡಬಿದ್ದರು. ತಮ್ಮ ಗುರುವಿನ ಗುರುವಿನ ಉಸಿರು ಅದರಲ್ಲಿದೆ ಅಂದರು. ಅದರಲ್ಲಿದ್ದದ್ದು ಚಹಾದ ಚರಟ. ನಾನು ಹಳೆಯದು ಮಾಡಿದ ಒಂದು ಸಿತಾರಕ್ಕೆ, ಎದುರು ಮನೆಯ ಗೆದ್ದಲು ತಾನು ತಿನ್ನುತ್ತಿದ್ದ ಐವತ್ತು ವರ್ಷದ ಬಾಗಿಲನ್ನು ಅರ್ಧಕ್ಕೆ ಬಿಟ್ಟು, ರಸ್ತೆ ದಾಟಿ ಬಂದು ಹತ್ತಿತು. ಕಂಡವರು ಇನ್ನೂ ಬದುಕಿದ್ದಾರೆ, ಬೇಕಾದರೆ ಕೇಳಿ.

ಇರಲಿ. ಹುಬ್ಬಳ್ಳಿ, ಧಾರವಾಡ ಎರಡೂ ಬೇರೆ ಬೇರೆ ಊರಾಗಿದ್ದ ಕೊನೆಯ ವರ್ಷ ಅದು, ಅರವತ್ತೊಂದನೇ ಇಸವಿ. ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ರೈಲ್ವೆ ವರ್ಕ್‌ಶಾಪಿನಲ್ಲಿ ಕಾರಕೂನಿಕೆ ಮಾಡುವ ಅರ್ನೆಸ್ಟ್ ಎಂಬ ಹುಡುಗ ಕರೀ ಪೆಟ್ಟಿಗೆಯೊಂದನ್ನು ಎದೆಗೆ ಅವಚಿಕೊಂಡು ಅಂಗಡಿಗೆ ಬಂದ. ಮಿಶನ್ ಕಡೆಯ ಹುಡುಗ. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ಕೂದಲು. ಆಳು ಮಾತ್ರ ಗಿಡ್ಡ, ನನ್ನ ಅಂಗಡಿಯ ತಂಬೂರಿಗಿಂತ ಒಂದೇ ಗೇಣು ಹೆಚ್ಚು. ಕೂತ, ಎದ್ದ, ಹೊರಗೆ ಇಣುಕಿದ, ಮತ್ತೆ ಕೂತ. ಪೆಟ್ಟಿಗೆ ತೆಗೆದ. ಒಳಗೆ ಕಲ್ಕತ್ತೆಯಿಂದ ಟಪಾಲಿನಲ್ಲಿ ತರಿಸಿದ ಹೊಚ್ಚಹೊಸ ಪಿಟೀಲು, ಬೆಲ್ಲದ ಪಾಕದ ಹಾಗೆ ಹೊಳೆಯುತ್ತಿತ್ತು.

"ಮೈಲಾರಪ್ಪಣ್ಣಾರ, ಇದನ್ನ ಅಜ್ಜನ ಕಾಲದ್ದು ಮಾಡಿಕೊಡ್ರಿ."

"ಯಾರ ಅಜ್ಜಂದು? ನಿಮ್ಮ ಅಜ್ಜನ ಕಾಲದ್ದೋ, ನಮ್ಮ ಅಜ್ಜನ ಕಾಲದ್ದೋ? ನಮ್ಮಜ್ಜಂದಾದರ ನಾಕ ದಿನಾ ಜಾಸ್ತಿ ಹಿಡೀತೈತಿ."

"ನಮ್ಮಜ್ಜಂದರಿ. ಅರವತ್ತ ವರ್ಷದ್ದು ಸಾಕು."

"ನಿಮ್ಮಜ್ಜ ಪಿಟೀಲು ಬಾರಸ್ತಿದ್ದರೇನು?"

ಹುಡುಗ ಮತ್ತೆ ಎದ್ದು ನಿಂತ. "ಇಲ್ಲರಿ. ಚರ್ಚಿನ ಗಂಟಿ ಬಾರಸ್ತಿದ್ದ."

ಆಮೇಲೆ ಎಲ್ಲ ಬಾಯಿ ಬಿಟ್ಟ. ಧಾರವಾಡದ ಮಾಳಮಡ್ಡಿಯಲ್ಲಿ ಆಲ್ಬರ್ಟ್ ಮಾಸ್ತರ ಅಂತ ಇದ್ದರು. ಸಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಚರ್ಚಿನ ಹಾಡಿನ ಮೇಳ ಅವರ ಕೈಯಲ್ಲಿ. ಅವರ ಮಗಳು ರೂತ್ ಹೆಣ್ಣುಮಕ್ಕಳ ಸಾಲೆಯಲ್ಲಿ ಟೀಚರು. ರೂತ್ ಮತ್ತು ಈ ಹುಡುಗ ಒಬ್ಬರನ್ನೊಬ್ಬರು ಒಪ್ಪಿದ್ದರು. ಮಾತು ತೆಗೆದ ದಿವಸ ಮಾಸ್ತರರು, "ನಮ್ಮ ಮನೆತನದಾಗ ಮೂರು ತಲಿಯಿಂದ ಸಂಗೀತ ಐತಿ. ನಿಮ್ಮ ಮನೆತನದಾಗ ಏನೈತಿ?" ಅಂತ ಕೇಳಿದರಂತೆ. ಗಂಟೆ ಅಂತ ಹೇಳಲಿಕ್ಕೆ ಈತನಿಗೆ ನಾಚಿಕೆ. ಬಾಯಿ ತಾನೇ ತೆರೆದುಕೊಂಡು, "ನಮ್ಮಜ್ಜಗ ಜರ್ಮನ್ ಪಾದ್ರಿಗಳು ತಮ್ಮ ಕೈಯಾರೆ ಕೊಟ್ಟ ಪಿಟೀಲು ಐತ್ರಿ" ಅಂದುಬಿಟ್ಟಿತು.

"ಅದನ್ನ ತೊಗೊಂಡು ಬಾ, ನೋಡೂಣು. ನೋಡಿ ಮುಂದಿನ ಮಾತು ಅಂದಾರ ಮಾಸ್ತರ್ರು," ಅಂದ ಅರ್ನೆಸ್ಟ್. "ಇವತ್ತಿಗೆ ಹನ್ನೆರಡನೇ ದಿನಾ ರವಿವಾರ, ಅವತ್ತ ಒಯ್ಯಬೇಕು. ಪಿಟೀಲು ಇಲ್ಲಂದ್ರ ರೂತ್ ಇಲ್ಲರಿ ನನಗ."

ನನಗೂ ಒಬ್ಬ ಮಗಳಿದ್ದಾಳೆ, ನನ್ನ ಮನಸ್ಸು ಕರಗಿತು ಅಂತ ಹೇಳಬಹುದು. ಆದರೆ ಖರೇ ಸಂಗತಿ ಬೇರೆ. ಆಲ್ಬರ್ಟ್ ಮಾಸ್ತರರ ಹೆಸರು ನಾನು ಕೇಳಿದ್ದೆ. ಕಣ್ಣು ಮುಚ್ಚಿ ತಂತಿ ಮುಟ್ಟಿದರೆ ಅದು ಯಾವ ಅಂಗಡಿಯದು ಅಂತ ಹೇಳುವ ಮನುಷ್ಯ ಅಂತ ಸುದ್ದಿ. ಅಂಥವರ ಕಣ್ಣಿಗೆ ಮಣ್ಣು ಹಾಕುವುದೆಂದರೆ ನನ್ನ ಕೈ ಆಗಲೇ ತುರಿಸತೊಡಗಿತ್ತು.

ಕೆಲಸ ಹೇಳುತ್ತೇನೆ, ಕೇಳಿ. ತಂಬೂರಿಗೆ ಎಂಟು ದಿನ ಸಾಕು, ಪಿಟೀಲಿನ ನಾಜೂಕಿಗೆ ಹನ್ನೊಂದು ಬೇಕು. ಮೊದಲ ದಿನ ಹೊಸ ವಾರ್ನಿಶು ಇಳಿಸಿದೆ. ತುಕ್ಕು ಹಿಡಿದ ಮೊಳೆಗಳನ್ನು ಹುಣಸೆ ನೀರಿನಲ್ಲಿ ನೆನೆಹಾಕಿ, ಅದಕ್ಕೆ ಕಾಚು, ಚಹಾದ ಚರಟ ಕೂಡಿಸಿ ಕುದಿಸಿದರೆ ಒಂದು ಕಪ್ಪು ರಸ ಬರುತ್ತದೆ. ಅದನ್ನು ಒಂದು ಕೈ ಹಚ್ಚಿದರೆ ಹತ್ತು ವರ್ಷ, ಎರಡು ಕೈ ಹಚ್ಚಿದರೆ ಮೂವತ್ತು. ಮೂರನೆಯ ಕೈ ಹಚ್ಚಿ ನಾನು ಒಮ್ಮೆ ಒಂದು ಸಾರಂಗಿಯನ್ನು ಆದಿಲಶಾಹಿ ಕಾಲಕ್ಕೆ ಒಯ್ದು ಬಿಟ್ಟಿದ್ದೆ, ವಾಪಸು ತರಲಿಕ್ಕೆ ಬಹಳ ಕಷ್ಟವಾಯಿತು. ಅದು ಒಣಗಿದ ಮೇಲೆ ಅರಗಿನ ಲಾಖಿ ಪಾಲಿಶು ಎಳೆದು, ಬಿಸಿಲಿಗೆ ಹಿಡಿದು, ಒದ್ದೆ ಬಟ್ಟೆ ಒತ್ತಿ, ಮತ್ತೆ ಬಿಸಿಲಿಗೆ ಹಿಡಿದರೆ ಆ ಪಾಲಿಶು ಕೂದಲೆಳೆಯ ಹಾಗೆ ಸೀಳುತ್ತದೆ. ಆ ಸೀಳಿನಲ್ಲಿ ಧೂಳು ತುಂಬಬೇಕು. ಹುಬ್ಬಳ್ಳಿಯ ಧೂಳು ಕಪ್ಪು, ಧಾರವಾಡದ್ದು ಕೆಂಪು. ಅರ್ನೆಸ್ಟನ ಅಜ್ಜ ಧಾರವಾಡದ ಕಡೆಯ ಹಳ್ಳಿಯವನು, ಅವನ ಪಿಟೀಲಿನಲ್ಲಿ ಹುಬ್ಬಳ್ಳಿಯ ಧೂಳು ಇದ್ದರೆ ಮಾಸ್ತರರು ಬಿಟ್ಟಾರೆಯೇ? ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ, ಸ್ಟ್ಯಾಂಡಿನ ಹಿಂದಿನ ಒಂದು ಹಳೇ ಮನೆಯ ಜಂತಿಯಿಂದ ಒಂದು ಚೀಲ ಧೂಳು ಉದುರಿಸಿಕೊಂಡು ಬಂದೆ. ಆ ಮನೆಯವ್ವ ನಾನು ಮನೆ ಸ್ವಚ್ಛ ಮಾಡುವವನೆಂದು ತಿಳಿದು ಚಹಾ ಕೊಟ್ಟಳು.

ಇನ್ನು ಹೊಗೆ. ನನ್ನ ಅಂಗಡಿಯ ಪಕ್ಕಕ್ಕೇ ಗುಲ್ಜಾರಬಿಯ ಮಿರ್ಚಿ ಭಜಿ ಗಾಡಿ. ಅವಳ ಬಾಣಲೆಯ ಮೇಲಿನ ಗಳಕ್ಕೆ ಪಿಟೀಲು ತೂಗುಬಿಟ್ಟರೆ ನಾಲ್ಕು ದಿನಕ್ಕೆ ನಲವತ್ತು ವರ್ಷದ ದೀಪದ ಮಸಿ ಕೂಡುತ್ತದೆ.

"ಏ ಮೈಲಾರ್ಯಾ, ಇದೇನ ಪಿಟೀಲೋ, ಒಣಾ ಮೀನೋ?" ಅಂದಳು ಗುಲ್ಜಾರಬಿ. "ನನ್ನ ಗಿರಾಕಿ ಕೇಳಾಕತ್ಯಾರ, ಮಿರ್ಚಿ ಜೋಡಿ ಅದನ್ನೂ ಕರದ ಕೊಡ್ತೀ ಏನಂತ."

"ಸುಮ್ನಿರ ಗುಲ್ಜಾರಬಿ. ನಿನ್ನ ಹೊಗಿ ಕುಡೀದ ವಾದ್ಯ ಈ ಜಿಲ್ಲಾದಾಗ ಒಂದೂ ಇಲ್ಲ."

"ಯಾರ ಕುತ್ತಿಗಿ ಕೊಯ್ಯಾಕ ಇದು?"

"ಒಂದು ಲಗ್ನ ಕೂಡಸಾಕ." ಸಂಗತಿ ಹೇಳಿದೆ.

ಅವಳು ಭಜಿ ತಿರುವುತ್ತ, "ಹಂಗಾದರ ಆ ಹುಡುಗನ ಲಗ್ನ ಆದಂಗ ಆತು ಬಿಡು. ಮಾಡಿದ್ದನ್ನ ಹೇಳದ ನೀ ಎಂದರ ಇದ್ದೀ ಏನು? ಹೋದ ವರ್ಷ ನೀ ಹಳೇದು ಮಾಡಿದ ತಂಬೂರಿ ಸುದ್ದಿ ನನಗ ಮೊದಲ ಗೊತ್ತಾತು, ಅದನ್ನ ಕೊಂಡಂವಗ ಆಮ್ಯಾಲೆ," ಅಂದಳು.

"ಈ ಸಲ ತುಟಿ ಹೊಲಕೊಂಡೇನಿ."

"ಯಾವ ದಾರಲೇ ಹೊಲಕೊಂಡೀಯೋ? ಗಟ್ಟಿ ಇರೂದು ನೋಡು."

ಹೊಗೆಯ ನಂತರ ಮೆಣಸಿನಕಾಯಿಯ ವಾಸನೆ ಹೋಗಲಿ ಅಂತ ಬೇವಿನ ಸೊಪ್ಪಿನಲ್ಲಿ ಎರಡು ದಿನ ಹೂತಿಟ್ಟೆ. ಕಡೆಯ ಮೂರು ದಿನ ಸವಕಳಿಯ ಕೆಲಸ. ಇದೇ ನನ್ನ ವಿದ್ಯೆಯ ಶಿಖರ. ಪಿಟೀಲು ಬಾರಿಸುವವರು ಹೇಗೆ ಬಾರಿಸುತ್ತಾರೆ? ಜಮಖಾನೆಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಪಿಟೀಲಿನ ಬುಡ ಎದೆಗೆ ಆನಿಸಿ, ಸುರುಳಿ ಸುತ್ತಿದ ಅದರ ತಲೆಯನ್ನು ಬಲಪಾದದ ಹರಡಿನ ಮೇಲೆ ಊರುತ್ತಾರೆ. ವರ್ಷಗಟ್ಟಲೆ ಕಾಲು ತಿಕ್ಕಿ ತಿಕ್ಕಿ ಆ ಸುರುಳಿ ಸವೆಯುತ್ತದೆ. ಹಳೇ ಪಿಟೀಲು ಅಂತ ಸುಳ್ಳು ಹೇಳಿ ಮಾರುವವರು ಮೈಗೆಲ್ಲ ಬಣ್ಣ ಬಳಿಯುತ್ತಾರೆ, ಈ ತಲೆಯನ್ನು ಮರೆಯುತ್ತಾರೆ. ನಾನು ಮರೆತವನಲ್ಲ. ಇದನ್ನು ಉಸುಕಿನ ಕಾಗದದಿಂದ ಮಾಡಬಾರದು, ಗೆರೆ ಬೀಳುತ್ತದೆ. ನನ್ನ ಹಿಮ್ಮಡಿಗಳು ನಮ್ಮ ಕಡೆಯ ಬೇಸಿಗೆಯ ಕರೀ ಹೊಲದ ಹಾಗೆ ಒಡೆದಿವೆ. ಕಟ್ಟಿಗೆ ಉಜ್ಜಲಿಕ್ಕೆ ಅಂಥ ನಾಜೂಕು ಅರ ಜರ್ಮನಿಯಲ್ಲೂ ಸಿಗುವುದಿಲ್ಲ. ಮೂರು ದಿನ ಗೋಡೆಗೆ ಬೆನ್ನು ಹಚ್ಚಿ ಕೂತು ಹಿಮ್ಮಡಿಯಿಂದ ಆ ಸುರುಳಿಯನ್ನು ತಿಕ್ಕಿದೆ. ಹೀಗೆ ನಾನು ಅಲ್ಲಿಯವರೆಗೆ ನಲವತ್ತು ಪಿಟೀಲು ಮಾಡಿದ್ದೆ, ಅದು ನಲವತ್ತೊಂದನೆಯದು.

ಮುಗಿದ ದಿನ ಪಿಟೀಲನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ನೋಡಿದೆ. ನನ್ನ ಜನ್ಮದಲ್ಲಿ ಅಂಥದ್ದು ಮಾಡಿರಲಿಲ್ಲ. ಅದನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡಬೇಕು ಅನ್ನಿಸುವಷ್ಟು ಹಿರೇತನ ಅದಕ್ಕೆ ಬಂದಿತ್ತು. ಆದರೆ ಯಾರಿಗೂ ಹೇಳುವ ಹಾಗಿಲ್ಲ! ಆ ಸಂಕಟ ನಿಮಗೆ ತಿಳಿಯದು. ಉಣ್ಣಲಿಕ್ಕೆ ಕೂತವನು ಎದ್ದು ಬಂದು ಪೆಟ್ಟಿಗೆ ತೆರೆದು ನೋಡಿದೆ. ಮತ್ತೆ ಹೋಗಿ ಕೂತೆ, ಮತ್ತೆ ಎದ್ದೆ. ದುರ್ಗದಬೈಲಿನ ಸುತ್ತ ಮೂರು ಸುತ್ತು ತಿರುಗಿದೆ. ಗುರುತಿನವರು ಎದುರಾದರೆ ಓಣಿ ಬದಲಿಸಿದೆ, ಬಾಯಿಂದ ಜಾರಿದರೆ ಅಂತ. ಅರ್ನೆಸ್ಟ್ ಪಿಟೀಲು ಒಯ್ಯಲಿಕ್ಕೆ ಬಂದಾಗ ನಾನು ಆಗಲೇ ಕೋಟು ಹಾಕಿಕೊಂಡು ನಿಂತಿದ್ದೆ.

"ನೀವೆಲ್ಲಿಗೆ?" ಅಂದ.

"ನಿಮ್ಮ ಜೋಡಿ. ಮಾಸ್ತರರು ಅದನ್ನ ನೋಡೂದನ್ನ ನಾ ನೋಡಬೇಕು. ತಂತಿ ಬದಲಿ ಮಾಡಿದಾಂವಾ ಅಂತ ಹೇಳ್ರಿ."

ಅವನು ಬಿಳಿಚಿಕೊಂಡ. ಕಡೆಗೆ, ಬಾಯಿ ಬಿಚ್ಚುವುದಿಲ್ಲ ಅಂತ ನನ್ನ ಕಡೆಯಿಂದ ಮಗಳಾಣೆ ಹಾಕಿಸಿಕೊಂಡು ಕರೆದುಕೊಂಡು ಹೊರಟ. ಬಸ್ಸಿನಲ್ಲಿ ಅವನ ಮೊಳಕಾಲು ಕುಣಿಯುತ್ತಿತ್ತು, ನನ್ನದೂ ಕುಣಿಯುತ್ತಿತ್ತು. ಉಣಕಲ್ಲಿನ ಕೆರೆ ದಾಟುವಷ್ಟರಲ್ಲಿ ಮುಂದಿನ ಸೀಟಿನ ಅಜ್ಜಿ ತಿರುಗಿ, "ಯಪ್ಪಗಳಿರಾ, ಬಸ್ಸು ನಡಿಸೋರು ನೀವೋ, ಡ್ರೈವರನೋ?" ಅಂದಳು. ನವಲೂರು ಬರುವ ಮೊದಲು ಅರ್ನೆಸ್ಟ್ ಮೂರು ಸಲ ಇಳಿದು ವಾಪಸು ಹೋಗೋಣ ಅಂದ. ನಾಲ್ಕನೆಯ ಸಲ ನಾನು ಅಂದೆ. ಆದರೂ ಇಳಿಯಲಿಲ್ಲ.

ಮಾಳಮಡ್ಡಿಯಲ್ಲಿ ಆಲ್ಬರ್ಟ್ ಮಾಸ್ತರರ ಮನೆ. ಕಂಪೌಂಡಿನಲ್ಲಿ ಬೋಗನ್‌ವಿಲ್ಲಾ, ಒಳಗೆ ಬೆತ್ತದ ಕುರ್ಚಿಗಳು, ಮೂಲೆಯಲ್ಲಿ ಮುಚ್ಚಿಟ್ಟ ಹಾರ್ಮೋನಿಯಂ. ಮಾಸ್ತರರು ಎತ್ತರದ ಆಳು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಕೋಟು, ಕೆಳಗೆ ಧೋತರ. ರೂತ್ ಚಹಾ ತಂದಿಟ್ಟು ಗೋಡೆಗೆ ಆತು ನಿಂತಳು. ಅರ್ನೆಸ್ಟನ ಕಡೆ ಒಮ್ಮೆ ನೋಡಿದಳು, ಪೆಟ್ಟಿಗೆಯ ಕಡೆ ಒಮ್ಮೆ, ನನ್ನ ಕಡೆ ಎರಡು ಸಲ. ಆ ಹುಡುಗಿಯ ಕಣ್ಣು ನನಗೆ ಸರಿಬರಲಿಲ್ಲ. ಮಕ್ಕಳ ಪೇಪರು ತಿದ್ದಿ ತಿದ್ದಿ ಹರಿತವಾದ ಕಣ್ಣು.

ಮಾಸ್ತರರು ಪಿಟೀಲನ್ನು ಕೈಗೆ ತೆಗೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದರು. ಮೂಸಿದರು. ಉಗುರಿನಿಂದ ಸೀಳು ಕೆರೆದು ಬಂದ ಧೂಳನ್ನು ಬೆರಳ ಮೇಲೆ ಉಜ್ಜಿದರು. "ಕೆಂಪು ಮಣ್ಣು. ನಮ್ಮ ಧಾರವಾಡದ್ದ," ಅಂದರು. ನಾನು ಕುರ್ಚಿಯಲ್ಲಿ ಎರಡು ಇಂಚು ಉಬ್ಬಿದೆ. ಆಮೇಲೆ ಅವರು ಎದ್ದು ನಿಂತು ಪಿಟೀಲನ್ನು ಎತ್ತಿ ಗದ್ದದ ಕೆಳಗೆ ಇಟ್ಟುಕೊಂಡರು.

ಗದ್ದದ ಕೆಳಗೆ! ನನ್ನ ಕೈಯಲ್ಲಿನ ಚಹಾ ತುಳುಕಿತು. ಪಿಟೀಲನ್ನು ಹಾಗೆ ನಿಂತು ಹಿಡಿಯುವ ಪದ್ಧತಿ ಇದೆ ಅನ್ನುವುದನ್ನು ನಾನು ಅವತ್ತೇ ಕಂಡದ್ದು. ಚರ್ಚಿನ ಮೆಟ್ಟಿಲು ಏರಿದವನಲ್ಲ ನಾನು. ನನ್ನ ಗಿರಾಕಿಗಳೆಲ್ಲ ಜಮಖಾನೆಯವರು. ನನಗಿಂತ ತಿಳಿದವರು ಯಾರಿದ್ದಾರೆ ಅನ್ನುವ ಗತ್ತಿನಲ್ಲಿ, ಹನ್ನೊಂದು ದಿನದಲ್ಲಿ ಒಂದೇ ಒಂದು ಸಲ ಆ ಹುಡುಗನನ್ನು "ನೀವು ಇದನ್ನ ಹೆಂಗ ಹಿಡೀತೀರಿ?" ಅಂತ ಕೇಳಿರಲಿಲ್ಲ.

ಮಾಸ್ತರರು ಪಿಟೀಲು ಕೆಳಗಿಳಿಸಿದರು. "ಅರವತ್ತ ವರ್ಷದಾಗ ಯಾರೂ ಇಲ್ಲಿ ಗದ್ದ ಇಟ್ಟಿಲ್ಲ ಏನು? ಇಲ್ಲಿ ಒಂದು ಗೆರಿ ಸವದಿಲ್ಲ. ತಲಿ ನೋಡಿದರ ಇಷ್ಟು ಸವದೈತಿ. ಅರ್ನೆಸ್ಟ್, ನಿಮ್ಮಜ್ಜ ಇದನ್ನ ಹೆಂಗ ಬಾರಸ್ತಿದ್ದ? ಕಾಲಿಲೆ ಏನು?"

ಅರ್ನೆಸ್ಟನ ಮುಖ ಸುಣ್ಣ. ಆ ಹುಡುಗನ ಬಾಳು ಆ ಕೋಣೆಯಲ್ಲಿ ಒಂದು ಕೂದಲಿಗೆ ತೂಗುತ್ತಿತ್ತು. ಆಣೆ ಗೀಣೆ ಮರೆತು ನಾನು ಎದ್ದೆ.

"ಕುಂತು ಬಾರಸ್ತಿದ್ದರಿ ಮಾಸ್ತರ್ರ! ನಮ್ಮಪ್ಪ ಕಣ್ಣಾರೆ ನೋಡಿದ್ದ. ಪಾದ್ರಿಗೋಳು ನಿಂದರು ಅಂದ್ರಂತ, ಆದರ ಇವರಜ್ಜ ಏಳು ಫೂಟಿನ ಆಳು. ಅಂವಾ ನಿಂತರ ಹಿಂದ ಕುಂತವರಿಗೆ ಪಾದ್ರಿನ ಕಾಣತಿರಲಿಲ್ಲಂತ. ಅದಕ್ಕ ಚಾಪಿ ಮ್ಯಾಲೆ ಕುಂತು, ತಲಿ ಕಾಲ ಮ್ಯಾಲೆ ಊರಿ ಬಾರಸಿದರು, ಸಾಯೂತನಕ."

ರೂತ್ ಅರ್ನೆಸ್ಟನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನೋಡಲಿಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. "ಏಳು ಫೂಟು," ಅಂದಳು ಮೆಲ್ಲಗೆ.

ಆದರೆ ಮಾಸ್ತರರು ಕನ್ನಡಕ ತೆಗೆದಿದ್ದರು. ಅವರ ದನಿ ಇಳಿದಿತ್ತು. "ನಮ್ಮಪ್ಪನೂ ಕುಂತ ಬಾರಸ್ತಿದ್ದ, ನಾನ ಮರತಿದ್ದೆ. ನಾ ಸಣ್ಣಾಂವಿದ್ದಾಗ ನಮ್ಮ ಚರ್ಚಿನ್ಯಾಗ ಕೂಡಾಕ ಬಾಂಕು ಇರಲಿಲ್ಲ, ಎಲ್ಲಾರೂ ಚಾಪಿ ಮ್ಯಾಲೆ. ಅಪ್ಪ ಊರಾಗ ಕಲತದ್ದನ್ನ ಬಿಟ್ಟಿರಲಿಲ್ಲ, ಹಿಂಗ ಕಾಲ ಮ್ಯಾಲೆ ಊರಿ ಬಾರಸಾಂವಾ. ಚರ್ಚಿನ್ಯಾಗ ಹಿಂಗ ಬಾರಸ್ತಿದ್ದರು ಅಂತ ಈಗ ಯಾರಿಗೂ ಗೊತ್ತಿಲ್ಲ. ಹೊರಗಿನವರು ಬೇಕಂತ ಮಾಡಾಕ ಬರೂ ಹಂಗ ಇಲ್ಲ." ಸುರುಳಿಯ ಮೇಲೆ ಹೆಬ್ಬೆರಳು ಆಡಿಸಿದರು. "ಇದು ಖರೇ ಪಿಟೀಲು. ರೂತ್, ಬಾರವಾ, ಇಲ್ಲಿ ಬೆರಳಿಟ್ಟು ನೋಡು."

ನೋಡಿದಿರಾ! ನನ್ನ ತಪ್ಪಿಗೂ ಅಷ್ಟು ಪುಣ್ಯ ಇತ್ತು. ಅರ್ನೆಸ್ಟ್ ಉಸಿರು ಬಿಟ್ಟದ್ದು ಎರಡು ಮನೆ ಆಚೆ ಕೇಳಿಸಿರಬೇಕು. ಮಾಸ್ತರರು ಅವನ ಹೆಗಲ ಮೇಲೆ ಕೈ ಇಟ್ಟು, "ಕೂಡಪ್ಪಾ. ಮುಂದಿನ ಮಾತು ಆಡೂಣು," ಅಂದರು. ಮುಗಿಯಿತಲ್ಲ ಇನ್ನು? ಕೈಗೆ ಬಂದ ಲಗ್ನ. ನಾನು ಸುಮ್ಮನೆ ಚಹಾ ಕುಡಿದು ಎದ್ದು ಬರಬೇಕಾಗಿತ್ತು.

ಮಾಸ್ತರರು ಸುರುಳಿಯನ್ನು ಬಿಡಲೊಲ್ಲರು. "ಎಂಥಾ ಸವಕಳಿ ನೋಡವಾ, ರೇಷ್ಮಿ ಇದ್ದಂಗ ಐತಿ. ಅರವತ್ತ ವರ್ಷ ಒಬ್ಬ ಭಕ್ತನ ಕಾಲು ತಿಕ್ಕಿದ್ದು. ಇದು ಮನಷ್ಯಾನ ಕೈಲೆ ಆಗೂ ಕೆಲಸಲ್ಲ."

ಮೊದಲನೇ ಗುಟುಕು ನುಂಗಿದೆ.

"ದೇವರು ಒಬ್ಬಂವನ ಹಿಂಗ ಮಾಡಬಲ್ಲ," ಅಂದರು.

ಎರಡನೆಯದು ನುಂಗಿದೆ. ಅರ್ನೆಸ್ಟ್ ಮೇಜಿನ ಕೆಳಗೆ ನನ್ನ ಕಾಲು ತುಳಿದು ಹಿಡಿದಿದ್ದ.

"ಮತ್ತ ಈಗಿನ ಹುಬ್ಬಳ್ಳಿ ಪಾಲಿಶದವರನ್ನ ನೋಡಬೇಕು!" ಮಾಸ್ತರರು ನಗತೊಡಗಿದರು. "ಹೋದ ತಿಂಗಳ ಈ ಖುರ್ಚಿಗೆ ಪಾಲಿಶ್ ಹಚ್ಚಿ ಹೋಗ್ಯಾರ. ಕುಂತರ ಧೋತರಾ ಹತಗೊಂಡು ಬರ್ತೈತಿ. ಹುಬ್ಬಳ್ಳ್ಯಾಗ ಒಬ್ಬರಿಗರ ಕೆಲಸ ಬರ್ತೈತೇನು?"

ನಾನು ಎದ್ದದ್ದು ನನಗೆ ಗೊತ್ತಿಲ್ಲ. ಕೇಳಿದ್ದು ನನ್ನದೇ ದನಿ.

"ದೇವರಲ್ಲರಿ ಮಾಸ್ತರ್ರ, ನಾನು! ಅರವತ್ತ ವರ್ಷ ಅಲ್ಲ, ಹನ್ನೊಂದು ದಿನಾ! ಆ ತಲಿ ಮೂರು ದಿನದಾಗ ಸವಿಸೇನಿ, ಈ ಹಿಮ್ಮಡಿಲೆ!" ಅಂದವನೇ ಕಾಲನ್ನು ಎತ್ತಿ ಬೆತ್ತದ ಕುರ್ಚಿಯ ಕೈ ಮೇಲೆ ಇಟ್ಟೆ. "ಕೆಂಪು ಮಣ್ಣು ಬಸ್ ಸ್ಟ್ಯಾಂಡಿನ ಹಿಂದಿಂದು! ಮಸಿ ಗುಲ್ಜಾರಬಿ ಬಾಣಲೀದು! ಹುಬ್ಬಳ್ಳ್ಯಾಗ ಕೆಲಸ ಬರ್ತೈತಿ!"

ಒಂದು ನೊಣ ಚಹಾದ ಬಸಿಯ ಸುತ್ತ ಎರಡು ಸುತ್ತು ಹಾಕಿತು.

ಮಾಸ್ತರರು ಕನ್ನಡಕ ಹಾಕಿಕೊಂಡು ಬಗ್ಗಿದರು. ನನ್ನ ಹಿಮ್ಮಡಿ ನೋಡಿದರು. ಸುರುಳಿ ನೋಡಿದರು. ಮತ್ತೆ ಹಿಮ್ಮಡಿ ನೋಡಿದರು. ಪಿಟೀಲನ್ನು ಮೇಜಿನ ಮೇಲೆ ಮೆಲ್ಲಗೆ, ಕೂಸನ್ನು ಮಲಗಿಸಿದಂತೆ ಇಟ್ಟು, "ನಿಮ್ಮಜ್ಜ?" ಅಂತ ಅರ್ನೆಸ್ಟನನ್ನು ಕೇಳಿದರು.

"ಗಂಟಿ ಬಾರಸ್ತಿದ್ದರಿ. ಪಿಟೀಲು ಮುಟ್ಟಿಲ್ಲ."

"ಸುಳ್ಳ ಹೇಳಿ ನಮ್ಮಪ್ಪನ ಮಾತು ನನ್ನ ಬಾಯಿಂದ ತಗದ್ರಿ ನೀವು," ಅಂದರು ಮಾಸ್ತರರು. ಸಿಟ್ಟಿಗಿಂತ ಅದು ಕೆಟ್ಟದಾಗಿ ಕೇಳಿಸಿತು. ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತರು. "ಹೊರಡ್ರಿ ಇನ್ನ."

ಅರ್ನೆಸ್ಟ್ ಪಿಟೀಲನ್ನು ಒಳಗಿಟ್ಟು ಪೆಟ್ಟಿಗೆ ಮುಚ್ಚಲಿಕ್ಕೆ ನೋಡಿದ. ಕೊಂಡಿ ಕೂಡಲೊಲ್ಲದು. ಆಗ ರೂತ್ ಗೋಡೆ ಬಿಟ್ಟು ಬಂದಳು.

"ಅಪ್ಪಾ, ನೀವು ಸಿಟ್ಟಾದ್ರಿ, ಸರಿ. ಈಗ ನನ್ನ ಪಾಳಿ. ಲಗ್ನ ಆಗಾಕಿ ನಾನು." ಅರ್ನೆಸ್ಟನ ಮುಂದೆ ನಿಂತಳು. "ಗಂಟಿ ಬಾರಸಿದರ ಏನ ಕಮ್ಮಿ ಆತು? ನಿಮ್ಮಜ್ಜ ಬಾರಿಸಿದ ಮ್ಯಾಲೆ ಊರು ಚರ್ಚಿಗೆ ಬರ್ತಿತ್ತು. ಹೊಸಾದು ಅಂದ್ರ ಇಷ್ಟು ನಾಚಿಕಿ ಆದರ, ನಾಳೆ ಲಗ್ನನೂ ಹೊಸಾದು ಅಂತ ಅದಕ್ಕೂ ಹೊಗಿ ಹಾಕಸಾಕ ಒಯ್ತೀರೇನು?"

"ಇಲ್ಲ," ಅಂದ ಆತ.

"ಇದನ್ನ ತೊಳದ ತರ್ರಿ. ಅದರ ಖರೇ ವಯಸ್ಸು ಎಷ್ಟೋ ಅಷ್ಟು ಕಾಣಬೇಕು. ಮುಂದಿನ ರವಿವಾರ. ನೋಡಿ ನಾ ಹೇಳ್ತೇನಿ." ನನ್ನ ಕಡೆ ತಿರುಗಿದಳು. "ನೀವೂ ಬರಬೇಕು. ಮತ್ತ ಆ ಕಾಲು ಕೆಳಗ ಇಳಸ್ರಿ."

ಇಳಿಸಿದೆ.

ಆ ವಾರದ ಹಾಗೆ ಇನ್ನೊಂದು ವಾರ ನನ್ನ ಜನ್ಮದಲ್ಲಿ ಬಂದಿಲ್ಲ. ಹಳೆಯದು ಮಾಡಿ ಗೊತ್ತು ನನಗೆ, ಹೊಸದು ಮಾಡಿ ಗೊತ್ತಿಲ್ಲ. ಮಾಡಿದ್ದನ್ನು ಅಳಿಸುವುದಂತೂ ಕೈಗೇ ತಿಳಿಯದ ಕೆಲಸ. ಗಾಜಿನ ಚೂರಿನಿಂದ ಹೆರೆಯಲಿಕ್ಕೆ ಹಿಡಿದೆ. ಒಂದೊಂದು ಎಳೆ ಸುರುಳಿ ಸುತ್ತಿ ಬೀಳುವಾಗ ಇದು ಬಿಸಿಲಿಗೆ ಹಿಡಿದು ಸೀಳಿದ್ದು, ಇದು ನಾಲ್ಕನೇ ದಿನದ ಹೊಗೆ ಅಂತ ಗುರುತು ಸಿಗುತ್ತಿತ್ತು. ಅರ್ನೆಸ್ಟ್ ಆಫೀಸು ಬಿಟ್ಟ ಮೇಲೆ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಒಳಗೂ ಬರುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ನನ್ನನ್ನು ಒಂದು ಬೈಗುಳ ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಬೈಯಲಿಲ್ಲ. "ಎಷ್ಟು ಉಳದೈತ್ರಿ?" ಅಂತ ಮಾತ್ರ ಕೇಳುತ್ತಿದ್ದ.

ಬುಧವಾರ ಗುಲ್ಜಾರಬಿ ಹಣಿಕಿ ಹಾಕಿದಳು. "ಅಳಾಕತ್ತೀ ಏನೋ ಮೈಲಾರ್ಯಾ?"

"ಇಲ್ಲಬೇ. ನಿನ್ನ ಹೊಗಿ."

"ಇವತ್ತ ನಾ ಒಲಿನ ಹಚ್ಚಿಲ್ಲಲ್ಲೋ."

ಶನಿವಾರ ಮುಗಿಯಿತು. ಪಾಲಿಶಿನ ಒಂದೇ ಒಂದು ತೆಳುವಾದ ಕೈ ಎಳೆದೆ, ಬಣ್ಣವಿಲ್ಲದ್ದು. ಸುಲಿದ ಗೆಣಸಿನ ಹಾಗೆ ಬೆಳ್ಳಗಿತ್ತು. ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಒಂದು ಬೆರಳಿನಷ್ಟು ಕರೀ ಗುರುತು ಬಿಡೋಣ ಅಂತ ಮನಸ್ಸಿಗೆ ಬಂತು, ನನ್ನ ಸಹಿಯ ಹಾಗೆ. ಅದನ್ನೂ ಹೆರೆದೆ. ಇದನ್ನು ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ರವಿವಾರ ಮತ್ತೆ ಅದೇ ಕೋಣೆ. ಮಾಸ್ತರರು ಸುದ್ದಿಪತ್ರಿಕೆಯನ್ನು ಮುಖದ ಮುಂದೆ ಗೋಡೆಯ ಹಾಗೆ ಹಿಡಿದು ಕೂತಿದ್ದರು. ಬಂದಿರಾ ಅನ್ನಲಿಲ್ಲ. ಚಹಾ ಇಲ್ಲ. ರೂತ್ ಪಿಟೀಲನ್ನು ತೆಗೆದುಕೊಂಡು ಕಿಟಕಿಗೆ ಒಯ್ದಳು. ಮುಂದೆ, ಹಿಂದೆ, ಬಗಲು ಎಲ್ಲ ನೋಡಿದಳು. ಸವೆದ ಸುರುಳಿ ಸವೆದಹಾಗೇ ಇತ್ತು, ಹೋದ ಕಟ್ಟಿಗೆಯನ್ನು ನಾನು ಎಲ್ಲಿಂದ ತರಲಿ? ಅದರ ಮೇಲೆ ಅವಳ ಬೆರಳು ಸ್ವಲ್ಪ ನಿಂತು ಮುಂದೆ ಹೋಯಿತು. ಪಿಟೀಲು ವಾಪಸು ಕೊಟ್ಟು, "ಬಾರಸ್ರಿ," ಅಂದಳು.

ಅರ್ನೆಸ್ಟ್ ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡ. "ಒಂದ ಗೀತ ಬರ್ತೈತಿ. ಅದೂ ಅರ್ಧಾ."

"ಅರ್ಧಾನ ಬಾರಸ್ರಿ."

ನಿಂತು, ಗದ್ದದ ಕೆಳಗೆ ಇಟ್ಟುಕೊಂಡು ಬಾರಿಸಿದ. ದೇವರೇ! ಬಾವಿಯ ಗಾಲಿಗೆ ಎಣ್ಣೆ ಕಾಣದೆ ಹತ್ತು ವರ್ಷವಾದರೂ ಅಂಥ ದನಿ ಬರುವುದಿಲ್ಲ. ಕಂಪೌಂಡಿನಲ್ಲಿ ಮಲಗಿದ್ದ ನಾಯಿ ಎದ್ದು, ಈ ಕಡೆ ನೋಡಿ, ಹೊರಗೆ ನಡೆಯಿತು. ಆದರೆ ಆತ ನಿಲ್ಲಿಸಲಿಲ್ಲ. ಮೊದಲನೇ ಸಾಲು ಬಿದ್ದಿತು, ಎದ್ದಿತು. ಎರಡನೇ ಸಾಲಿನಲ್ಲಿ ಪತ್ರಿಕೆ ಅಲುಗಿತು. ಮೂರನೆಯದರಲ್ಲಿ ಒಂದು ಸ್ವರ ಎಂಥಾ ಜಾಗಕ್ಕೆ ಹೋಗಿ ಬಿತ್ತೆಂದರೆ, ಪತ್ರಿಕೆ ಪೂರಾ ಕೆಳಗೆ ಬಂತು.

"ಮೊಣಕೈ," ಅಂದರು ಮಾಸ್ತರರು.

ಅರ್ನೆಸ್ಟ್ ನಿಂತ.

"ನಿಂದರಬ್ಯಾಡ. ಮೊಣಕೈ ಒಳಗ ತೊಗೊ. ಕಮಾನು ಗರಗಸ ಅಲ್ಲ. ಮತ್ತ ಮೊದಲಿಂದ."

ಮೊದಲಿನಿಂದ ಹಿಡಿದ. ಮಾಸ್ತರರು ಎದ್ದು ಬಂದು ಅವನ ಮೊಣಕೈಯನ್ನು ತಮ್ಮ ಕೈಯಿಂದ ಒಳಗೆ ಒತ್ತಿ ಹಿಡಿದರು, ಬಿಡಲಿಲ್ಲ. ಮುಖದ ಮೇಲಿನ ಸಿಟ್ಟು ಹಾಗೇ ಇತ್ತು, ಕಾಲು ಮಾತ್ರ ತಾಳ ಹಾಕುತ್ತಿತ್ತು. ಅರ್ಧಕ್ಕೆ ಬಂದು ಗೀತ ನಿಂತಿತು.

"ಮುಂದ?"

"ಮುಂದ ಬರೂದಿಲ್ಲರಿ."

"ಅಪ್ಪಾ," ಅಂದಳು ರೂತ್, ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲಿ ತಿರುಗಿ, "ಕಲಸೂದಾದರ ಲಗೂ ಕಲಸ್ರಿ. ಲಗ್ನದ ದಿನಾ ನಾ ನಡದು ಬರೂವಾಗ ಇವರ ಗೀತ ಅರ್ಧಕ್ಕ ನಿಂತರ, ಚರ್ಚಿನ ಅರ್ಧಾ ದಾರ್ಯಾಗ ಹೂವು ಹಿಡಕೊಂಡು ನಿಂದರಬೇಕಾಗ್ತೈತಿ."

ಅರ್ನೆಸ್ಟನ ಕಮಾನು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಮಾಸ್ತರರು, "ಕಮಾನು ಎತ್ತು. ನಗೂದು ಆಮ್ಯಾಲೆ. ಮೊಣಕೈ," ಅಂದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಇಷ್ಟು ಚಂದ ಹೆರೆದವರು ಯಾರು ಅಂತ ಒಬ್ಬರಾದರೂ ಕೇಳಬಹುದು ಅಂತ ನಿಂತಿದ್ದೆ. ಒಮ್ಮೆ ಕೆಮ್ಮಿದೆ. ಯಾರೂ ತಿರುಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಗೇಟು ದಾಟುವಷ್ಟರಲ್ಲಿ ಆ "ಮೊಣಕೈ" ನಲವತ್ತು ಸಲ ಕೇಳಿಸಿತು ಅಂತ ಹೇಳಬೇಕು ಅಂತ ನಾಲಿಗೆ ತುರಿಸುತ್ತಿದೆ. ಕೇಳಿಸಿದ್ದು ಏಳು ಸಲ.